ಬೆಳ್ಳಗೆ ಕಂಡದ್ದೆಲ್ಲ ಹೊಸ ಸ್ಟ್ರೋಕ್ ಅಲ್ಲ

ಓದುಗರ ಪ್ರಶ್ನೆ, ಶಿರಸಿಯ ವೈದ್ಯೆಯ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇದ್ದವು. ಡಿಫ್ಯೂಷನ್ ಎಂಆರ್‌ಐ. ಮೈಯೊಳಗಿನ ನೀರಿನ ಕಣಗಳ ಅಲೆದಾಟವನ್ನು ಚಿತ್ರವಾಗಿ ತೋರಿಸುವ ಸ್ಕ್ಯಾನ್ ಅದು. ಹಾಗಾಗಿ ಸಕ್ಕರೆ ಕಾಯಿಲೆ, ಮಂಡಿನೋವಿನ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಾನು ಇಮೇಜಿಂಗ್ ಟೆಕ್ನಾಲಜಿ ಎರಡನೇ ವರ್ಷದ ವಿದ್ಯಾರ್ಥಿನಿ. ಡಿಫ್ಯೂಷನ್ ವೇಟೆಡ್ ಎಂಆರ್‌ಐ ಬಗ್ಗೆ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುವ ಉಪನ್ಯಾಸಗಳನ್ನು ಕೇಳುತ್ತಿದ್ದೇನೆ. ಇಲ್ಲಿಯವರೆಗೆ ಆರು ಮುಗಿಸಿದೆ. ಕೇಳುವಾಗ ಎಲ್ಲ ತಿಳಿದ ಹಾಗೆ ಇರುತ್ತದೆ. ಫೋನ್ ಕೆಳಗಿಟ್ಟರೆ ಏನೂ ಉಳಿಯುವುದಿಲ್ಲ. ಬಿ ವ್ಯಾಲ್ಯೂ ಎಂದರೇನು, ಎಡಿಸಿ ಮ್ಯಾಪ್ ಯಾಕೆ ಬೇಕು, ಟಿ2 ಶೈನ್ ಥ್ರೂ ಎಂದರೇನು? ಒಮ್ಮೆ ಕನ್ನಡದಲ್ಲಿ ಹೇಳುತ್ತೀರಾ? ಉಪನ್ಯಾಸಗಳನ್ನು ಯಾವ ಕ್ರಮದಲ್ಲಿ ನೋಡಬೇಕು?
– ವಿದ್ಯಾರ್ಥಿನಿ, ಕಾರವಾರ

ಉತ್ತರ: ತಂಗಿ, ನಿನ್ನ ಪತ್ರ ಓದಿದಾಗ ನನಗೆ 2014ರ ಡಿಸೆಂಬರ್ ನೆನಪಾಯಿತು. ಊರಿನ ಮನೆಯಲ್ಲಿ ಅಡಿಕೆ ಸುಲಿಯುವ ಕೆಲಸ ನಡೆದಿತ್ತು. ಅಣ್ಣ ಮೆಟ್ಟುಗತ್ತಿಯ ಮುಂದೆ ಕೂತಿದ್ದ. ಅವನ ಬಲಗೈಯಿಂದ ಅಡಿಕೆ ಜಾರಿ ಬಿತ್ತು. ಎತ್ತಿಕೊಂಡ. ಮತ್ತೆ ಬಿತ್ತು. ಮೂರನೇ ಸಲ ಕೈಯೇ ಮೇಲೆ ಬರಲಿಲ್ಲ. ನಮ್ಮ ಮನೆಯಿಂದ ಹುಬ್ಬಳ್ಳಿ ನೂರು ಕಿಲೋಮೀಟರಿಗಿಂತ ಜಾಸ್ತಿ. ಅಲ್ಲಿ ಮೊದಲು ಸಿಟಿ ಮಾಡಿದರು, ಏನೂ ಕಾಣಲಿಲ್ಲ. ಆಮೇಲೆ ಎಂಆರ್‌ಐ ಮಾಡಿದರು. ಡಿಫ್ಯೂಷನ್ ಚಿತ್ರದಲ್ಲಿ ಎಡ ಮಿದುಳಿನ ಒಳಗೆ ಹುಣಸೆ ಬೀಜದಷ್ಟು ಬಿಳಿ ಕಲೆ ಹೊಳೆಯುತ್ತಿತ್ತು. ಸ್ಟ್ರೋಕ್, ಅಂದರೆ ಲಕ್ವ.

ಮೂರು ವಾರ ಕಳೆದ ಮೇಲೆ ಅಣ್ಣನಿಗೆ ತಲೆ ತಿರುಗಿತು. ಮತ್ತೆ ಸ್ಕ್ಯಾನಿಂಗ್ ಆಯಿತು. ಆ ರಾತ್ರಿ ನಾನು ಸಿ.ಡಿ.ಯನ್ನು ಕಂಪ್ಯೂಟರಿಗೆ ಹಾಕಿ ನೋಡಿದೆ. ಅದೇ ಜಾಗ ಇನ್ನೂ ಬೆಳ್ಳಗೇ ಇತ್ತು. ಎರಡನೇ ಸಲ ಸ್ಟ್ರೋಕ್ ಆಗಿದೆ ಅಂದುಕೊಂಡೆ. ಅತ್ತಿಗೆಗೆ ಹೇಳಿಯೂ ಬಿಟ್ಟೆ. ಅತ್ತಿಗೆ ಆ ರಾತ್ರಿ ಊಟ ಮಾಡಲಿಲ್ಲ. ಬೆಳಿಗ್ಗೆ ಪರಿಚಯದ ರೇಡಿಯಾಲಜಿಸ್ಟ್ ಒಬ್ಬರಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಮಾತು: "ಡಾಕ್ಟರೇ, ಎಡಿಸಿ ನೋಡಿದಿರಾ?"

ನಾನು ನೋಡಿರಲಿಲ್ಲ. ಎಡಿಸಿ, ಅಂದರೆ ನೀರು ಎಷ್ಟು ಅಲೆಯಿತು ಎಂಬುದನ್ನು ಅಳೆದು ತೋರಿಸುವ ಚಿತ್ರ, ಪಕ್ಕದಲ್ಲೇ ಇದೆ ಅನ್ನುವುದೇ ಗೊತ್ತಿರಲಿಲ್ಲ. ನಾನು ಎಂಬಿಬಿಎಸ್ ಓದಿದ್ದು 1980ರ ದಶಕದಲ್ಲಿ. ಫ್ರಾನ್ಸಿನ ಡೆನಿಸ್ ಲ ಬಿಹಾನ್ ಮಿದುಳಿನ ಡಿಫ್ಯೂಷನ್ ಚಿತ್ರಗಳನ್ನು ಮೊದಲು ತೆಗೆದು ತೋರಿಸಿದ್ದೇ ಆ ದಶಕದ ನಡುವೆ. ನಮಗೆ ಅದನ್ನು ಕಲಿಸುವವರು ಯಾರೂ ಇರಲಿಲ್ಲ. ಫೋನ್ ಇಟ್ಟ ಆ ದಿನದಿಂದಲೇ ನಾನೂ ನಿನ್ನ ಹಾಗೆ ಉಪನ್ಯಾಸ ಹುಡುಕಲು ಶುರು ಮಾಡಿದೆ.

ಈಗ ವಿಷಯಕ್ಕೆ ಬರೋಣ. ನೀರಿನ ಕಣ ಸುಮ್ನೆ ಕೂರುವುದಿಲ್ಲ. ಯಾರೂ ನೂಕದಿದ್ದರೂ ಅತ್ತ ಇತ್ತ ಅಲೆಯುತ್ತಲೇ ಇರುತ್ತದೆ. 1827ರಲ್ಲಿ ರಾಬರ್ಟ್ ಬ್ರೌನ್ ಸೂಕ್ಷ್ಮದರ್ಶಕದಲ್ಲಿ ಪರಾಗದೊಳಗಿನ ಕಣಗಳು ನೀರಿನಲ್ಲಿ ನಡುಗುವುದನ್ನು ನೋಡಿದರು. ಅದು ಯಾಕೆ ಹಾಗೆ ಎಂದು 1905ರಲ್ಲಿ ಐನ್‌ಸ್ಟೈನ್ ಲೆಕ್ಕ ಹಾಕಿ ತೋರಿಸಿದರು. ಮಿದುಳಿನಲ್ಲಿ 50 ಮಿಲಿಸೆಕೆಂಡಿನಲ್ಲಿ ನೀರಿನ ಕಣ ಒಂದು ದಿಕ್ಕಿನಲ್ಲಿ ಅಲೆಯುವ ದೂರ ಹತ್ತಿರ ಹತ್ತಿರ 10 ಮೈಕ್ರಾನ್. ಅಂದರೆ ಒಂದು ಜೀವಕೋಶದ ಅಳತೆ. ಇದು ನನಗೆ ಈಗಲೂ ಬೆರಗು ತರಿಸುತ್ತದೆ. ಎಂಆರ್‌ಐನ ಒಂದು ಚುಕ್ಕೆ ಒಂದೆರಡು ಮಿಲಿಮೀಟರ್ ಅಗಲ. ಆದರೂ ಅದು ಕೋಶದ ಗೋಡೆಗೆ ನೀರು ತಾಗಿತೋ ಇಲ್ಲವೋ ಎಂಬುದನ್ನು ಹೇಳುತ್ತದೆ!

ಅದು ಹೇಗೆ ಗೊತ್ತಾಗುತ್ತದೆ? ಶಾಲೆಯ ಮೈದಾನವನ್ನು ನೆನಪಿಸಿಕೋ. ಮಕ್ಕಳು ಸಾಲಾಗಿ ನಿಂತಿದ್ದಾರೆ. ಎಲ್ಲರ ಮುಖವೂ ಪಿ.ಟಿ. ಮಾಸ್ತರರ ಕಡೆ. ಎಲ್ಲರೂ ಒಟ್ಟಿಗೆ ಕೂಗಿದರೆ ಮಾಸ್ತರರಿಗೆ ದನಿ ಜೋರಾಗಿ ಕೇಳುತ್ತದೆ. ಈಗ ಮೊದಲ ಸೀಟಿ. ಒಂದನೇ ಸಾಲಿನವರು ಗಡಿಯಾರದ ಮುಳ್ಳಿನ ಹಾಗೆ ಒಂದು ಗಂಟೆಯಷ್ಟು ಬಲಕ್ಕೆ ತಿರುಗಬೇಕು. ಎರಡನೇ ಸಾಲಿನವರು ಎರಡು ಗಂಟೆಯಷ್ಟು. ಹೀಗೇ ಮುಂದೆ. ಸ್ವಲ್ಪ ಹೊತ್ತಿನ ನಂತರ ಎರಡನೇ ಸೀಟಿ. ಈಗ ಯಾವ ಸಾಲಿನಲ್ಲಿ ನಿಂತಿದ್ದೀರೋ ಅಷ್ಟೇ ಗಂಟೆ ಎಡಕ್ಕೆ ತಿರುಗಬೇಕು.

ನಿಂತಲ್ಲೇ ನಿಂತ ಮಗು ಮತ್ತೆ ಮಾಸ್ತರರ ಕಡೆಗೇ ಮುಖ ಮಾಡುತ್ತದೆ. ಎರಡು ಸೀಟಿಯ ನಡುವೆ ಬೇರೆ ಸಾಲಿಗೆ ಹೋದ ಮಗುವಿನ ಲೆಕ್ಕ ತಪ್ಪುತ್ತದೆ. ಅದರ ಮುಖ ಎಲ್ಲೋ ಇರುತ್ತದೆ. ಈಗ ಎಲ್ಲರೂ ಕೂಗಲಿ. ಜಾಸ್ತಿ ಓಡಾಡಿದ ಗುಂಪಿನ ದನಿ ಕುಗ್ಗಿರುತ್ತದೆ. ಕದಲದ ಗುಂಪಿನ ದನಿ ಜೋರಾಗಿಯೇ ಇರುತ್ತದೆ. ಮಕ್ಕಳು ನೀರಿನ ಕಣಗಳು. ಎರಡು ಸೀಟಿಗಳು ಯಂತ್ರದ ಎರಡು ಗ್ರೇಡಿಯಂಟ್‌ಗಳು, ಅಂದರೆ ಜಾಗದಿಂದ ಜಾಗಕ್ಕೆ ಸ್ವಲ್ಪ ಸ್ವಲ್ಪವೇ ಬದಲಾಗುವ ಕಾಂತಬಲ. ಈ ಉಪಾಯವನ್ನು 1965ರಲ್ಲಿ ಹೊರಗೆ ತಂದವರು ಸ್ಟೆಜ್ಸ್ಕಾಲ್ ಮತ್ತು ಟ್ಯಾನರ್. ಅಲೆಯದ ನೀರು ಡಿಫ್ಯೂಷನ್ ಚಿತ್ರದಲ್ಲಿ ಬೆಳ್ಳಗೆ, ಅಲೆದ ನೀರು ಕಪ್ಪಗೆ. ಇಷ್ಟೇ.

ಬಿ ವ್ಯಾಲ್ಯೂ ಅಂದರೆ ಮಾಸ್ತರರ ಕಟ್ಟುನಿಟ್ಟು ಅಂದುಕೋ. ಒಂದು ಸಾಲಿಗೆ ಎಷ್ಟು ತಿರುಗಬೇಕು, ಸೀಟಿಗಳ ನಡುವೆ ಎಷ್ಟು ಹೊತ್ತು ಬಿಡಬೇಕು, ಇದೆಲ್ಲ ಅದರೊಳಗೆ ಬರುತ್ತದೆ. ಬಿ ಸೊನ್ನೆ ಅಂದರೆ ಸೀಟಿಯೇ ಇಲ್ಲ. ಮಿದುಳಿಗೆ ಸಾಮಾನ್ಯವಾಗಿ 0 ಮತ್ತು 1000 ಎಂದು ಎರಡು ಸಲ ತೆಗೆಯುತ್ತಾರೆ. ಬಿ ಹೆಚ್ಚಿದಷ್ಟೂ ಸಣ್ಣ ಕದಲಿಕೆಗೂ ದನಿ ಕುಗ್ಗುತ್ತದೆ. ನರದ ಎಳೆಗಳ ಉದ್ದಕ್ಕೆ ನೀರು ಸಲೀಸಾಗಿ ಹೋಗುತ್ತದೆ, ಅಡ್ಡಕ್ಕೆ ಹೋಗುವುದು ಕಷ್ಟ. ಅದಕ್ಕೇ ಮೂರು ದಿಕ್ಕಿನಲ್ಲಿ ಅಳೆದು ಒಟ್ಟು ಮಾಡುತ್ತಾರೆ.

ಈಗ ನಿನ್ನ ಕಷ್ಟದ ಜಾಗ. ಇಲ್ಲಿ ನಿಧಾನವಾಗಿ ಓದು. ಬೇಕಾದರೆ ಎರಡು ಸಲ ಓದು.

ಕೆಲವು ಮಕ್ಕಳ ದನಿ ಹುಟ್ಟಿನಿಂದಲೇ ದೊಡ್ಡದು ಅಲ್ವಾ? ಸೀಟಿ ಊದುವ ಮೊದಲೂ ಅವರ ದನಿ ಜೋರು. ಸೀಟಿ ಆದ ಮೇಲೆ ಅವರಲ್ಲೂ ಅರ್ಧದಷ್ಟು ಜನ ಬೇರೆ ಕಡೆ ತಿರುಗಿರುತ್ತಾರೆ. ಆದರೂ ಪಕ್ಕದ ಗುಂಪಿಗಿಂತ ಇವರದೇ ಹೆಚ್ಚು ಕೇಳುತ್ತದೆ. ಈ ಹುಟ್ಟಿನ ದನಿಯೇ ಟಿ2. ಅದು ಡಿಫ್ಯೂಷನ್ ಚಿತ್ರದೊಳಕ್ಕೂ ಹಾಯ್ದು ಬಂದು ಹೊಳೆಯುವುದೇ ಟಿ2 ಶೈನ್ ಥ್ರೂ.

ಅಂಕಿಯಲ್ಲಿ ನೋಡೋಣ. ಎಡಿಸಿಯನ್ನು ಬರೆಯುವುದು ಚದರ ಮಿಲಿಮೀಟರಿನ ಸಾವಿರದ ಭಾಗಗಳಲ್ಲಿ, ಒಂದು ಸೆಕೆಂಡಿಗೆ ಇಷ್ಟು ಎಂದು. ಸಾಮಾನ್ಯ ಮಿದುಳಿಗೆ ಅದು ಸುಮಾರು 0.8. ಮಿದುಳಿನ ಸುತ್ತ ಇರುವ ತಿಳಿ ದ್ರವ, ಅಂದರೆ ಸಿಎಸ್‌ಎಫ್‌ಗೆ, ಸುಮಾರು 3. ಹೊಸ ಸ್ಟ್ರೋಕ್ ಆದ ಜಾಗಕ್ಕೆ 0.4 ಎಂದಿಟ್ಟುಕೊಳ್ಳೋಣ. ಮೂವರೂ 100ರ ದನಿಯಿಂದ ಶುರು ಮಾಡಿದರು ಅನ್ನು. ಬಿ 1000ದಲ್ಲಿ ಸಾಮಾನ್ಯ ಮಿದುಳಿನ ದನಿ 45ಕ್ಕೆ ಇಳಿಯುತ್ತದೆ. ಸಿಎಸ್‌ಎಫ್ ಬರೀ 5ಕ್ಕೆ, ಅದಕ್ಕೇ ಅದು ಕಪ್ಪು. ಹೊಸ ಸ್ಟ್ರೋಕ್ 67ರಲ್ಲೇ ನಿಲ್ಲುತ್ತದೆ. 45ರ ಪಕ್ಕದಲ್ಲಿ 67, ಹಾಗಾಗಿ ಬೆಳ್ಳಗೆ ಕಾಣುತ್ತದೆ.

ಇನ್ನು ಹುಟ್ಟಾ ದೊಡ್ಡ ದನಿಯ ಹಳೆಯ ಕಲೆ. ಅದು 200ರಿಂದ ಶುರು ಮಾಡಿದೆ. ಅದರ ಎಡಿಸಿಯೂ 0.8 ಅಂತಲೇ ಇಟ್ಟುಕೋ. ಬಿ 1000ದಲ್ಲಿ ಅದು 90ಕ್ಕೆ ಬರುತ್ತದೆ. 45ರ ಪಕ್ಕದಲ್ಲಿ 90! ಹೊಸ ಸ್ಟ್ರೋಕಿಗಿಂತಲೂ ಬೆಳ್ಳಗೆ. ಆದರೆ ಅದರ ನೀರು ಪಕ್ಕದ ನೀರಿನಷ್ಟೇ ಅಲೆದಿದೆ.

ಎಡಿಸಿ ಮ್ಯಾಪ್ ಕೇಳುವುದೇ ಬೇರೆ ಪ್ರಶ್ನೆ. ನಿನ್ನ ದನಿ ಎಷ್ಟು ಎಂದು ಅದು ಕೇಳುವುದಿಲ್ಲ. ಮೊದಲು ಎಷ್ಟಿತ್ತು, ಈಗ ಅದರಲ್ಲಿ ಎಷ್ಟು ಪಾಲು ಉಳಿದಿದೆ ಎಂದು ಕೇಳುತ್ತದೆ. 200ಕ್ಕೆ 90, 100ಕ್ಕೆ 45. ಎರಡೂ ಒಂದೇ ಪಾಲು. ಹುಟ್ಟಿನ ದನಿ ಅಲ್ಲಿ ಕಳಚಿ ಹೋಯಿತು. 100ಕ್ಕೆ 67 ಮಾತ್ರ ಬೇರೆಯಾಗಿ ನಿಂತಿತು. ಎಡಿಸಿ ಮ್ಯಾಪಿನಲ್ಲಿ ಕಡಿಮೆ ಅಲೆದದ್ದು ಕಪ್ಪಗೆ ಕಾಣುತ್ತದೆ. ಡಿಫ್ಯೂಷನ್‌ನಲ್ಲಿ ಬಿಳಿ, ಎಡಿಸಿಯಲ್ಲಿ ಕಪ್ಪು. ಆಗ ಮಾತ್ರ ನೀರು ನಿಜವಾಗಿ ಸಿಕ್ಕಿಹಾಕಿಕೊಂಡಿದೆ. ನನ್ನ ಅಣ್ಣನ ಎರಡನೇ ಸ್ಕ್ಯಾನಿನಲ್ಲಿ ಎಡಿಸಿ ಕಪ್ಪಾಗಿರಲಿಲ್ಲ. ಅದು ಮೂರು ವಾರದ ಹಿಂದಿನ ಕಲೆಯೇ, ಹೊಸದಲ್ಲ. ಅತ್ತಿಗೆಯ ಒಂದು ರಾತ್ರಿಯ ಊಟ ಮತ್ತು ನಿದ್ದೆ ನನ್ನ ಒಂದೇ ಚಿತ್ರದ ಓದಿನಿಂದ ಹೋಯಿತು.

ಸ್ಟ್ರೋಕ್ ಆದರೆ ನೀರು ಯಾಕೆ ಸಿಕ್ಕಿಕೊಳ್ಳುತ್ತದೆ? ರಕ್ತ ನಿಂತರೆ ಕೋಶಕ್ಕೆ ಶಕ್ತಿ ಸಿಗುವುದಿಲ್ಲ. ಸೋಡಿಯಂ ಹೊರಗೆ ಹಾಕುವ ಪಂಪು ಕೆಲವೇ ನಿಮಿಷಗಳಲ್ಲಿ ನಿಲ್ಲುತ್ತದೆ. ಸೋಡಿಯಂ ಒಳಗೇ ಉಳಿದು ನೀರನ್ನು ಎಳೆದುಕೊಳ್ಳುತ್ತದೆ. ಕೋಶ ಊದುತ್ತದೆ. ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಬಿಡ್ಕಿಬೈಲಿನ ಬಯಲನ್ನು ನೋಡಿದ್ದೀಯಲ್ಲ? ಬೇರೆ ದಿನ ಆಚೆಯಿಂದ ಈಚೆಗೆ ಕೈಬೀಸಿ ನಡೆಯಬಹುದು. ಜಾತ್ರೆ ದಿನ ಅಂಗಡಿಗಳು ದಾರಿಗೇ ಚಾಚಿಕೊಂಡು, ನಡುವೆ ಒಬ್ಬರು ತೂರುವಷ್ಟೇ ಓಣಿ ಉಳಿಯುತ್ತದೆ. ಕೋಶಗಳು ಊದಿದಾಗ ನಡುವಿನ ಓಣಿಗಳಿಗೂ ಅದೇ ಗತಿ. 1990ರಲ್ಲಿ ಮೈಕೆಲ್ ಮೋಸ್ಲಿ ಮತ್ತು ಸಂಗಡಿಗರು ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ, ರಕ್ತನಾಳ ಕಟ್ಟಿದ ಒಂದು ಗಂಟೆಯೊಳಗೇ ಇದನ್ನು ಚಿತ್ರದಲ್ಲಿ ಹಿಡಿದರು. ಅಲ್ಲಿಂದ ಸ್ಟ್ರೋಕ್ ಚಿಕಿತ್ಸೆಯ ದಾರಿಯೇ ಬದಲಾಯಿತು.

ಕಾಲವನ್ನೂ ನೆನಪಿಡು. ಎಡಿಸಿಯ ಕಪ್ಪು ಒಂದು ವಾರ, ಹತ್ತು ದಿನದ ಹೊತ್ತಿಗೆ ಮಾಸಿ ಸಾಮಾನ್ಯದಂತೆ ಕಾಣುತ್ತದೆ. ಆಮೇಲೆ ಕೋಶಗಳು ಒಡೆದು ನೀರು ಸಡಿಲವಾಗಿ, ಎಡಿಸಿ ಸಾಮಾನ್ಯಕ್ಕಿಂತ ಮೇಲೇರುತ್ತದೆ. ಡಿಫ್ಯೂಷನ್‌ನ ಬಿಳಿ ಅದಕ್ಕಿಂತ ಹೆಚ್ಚು ದಿನ ಉಳಿಯುತ್ತದೆ. ಹಾಗಾಗಿ ಚಿತ್ರ ನೋಡುವ ಮೊದಲು ಕೇಳಬೇಕಾದದ್ದು, ಲಕ್ಷಣ ಶುರುವಾಗಿ ಎಷ್ಟು ಹೊತ್ತಾಯಿತು?

ಇನ್ನು ಉಪನ್ಯಾಸಗಳ ಕ್ರಮ. ನೀನು ನೇರವಾಗಿ ಡಿಫ್ಯೂಷನ್‌ಗೆ ಹಾರಿದ್ದೀಯ ಅಂತ ನನ್ನ ಊಹೆ. ನಾನೂ ಹಾಗೇ ಮಾಡಿ ಎರಡು ತಿಂಗಳು ಕಳೆದುಕೊಂಡೆ. ಮೊದಲು ಎಂಆರ್‌ಐನ ಮೂಲ ಪಾಠಗಳಾದ ಟಿ1, ಟಿ2 ಗಟ್ಟಿ ಮಾಡಿಕೋ. ಟಿ2 ಗೊತ್ತಿಲ್ಲದೆ ಶೈನ್ ಥ್ರೂ ತಲೆಗೆ ಹೋಗುವುದಿಲ್ಲ. ಭೌತಶಾಸ್ತ್ರ ಬೇಕೆನಿಸಿದರೆ ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿಯ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳಲ್ಲಿ ವೈದ್ಯಕೀಯ ಇಮೇಜಿಂಗ್ ಕೂಡ ಇದೆ. ಒಂದೊಂದು ಸಂಶಯಕ್ಕೆ ಒಂದೊಂದು ಪುಟದ ಉತ್ತರ ಬೇಕಾದರೆ ಅಮೆರಿಕದ ಆಲನ್ ಎಲ್‌ಸ್ಟರ್ ಅವರ ಎಂಆರ್‌ಐ ಪ್ರಶ್ನೋತ್ತರಗಳು ಚೆನ್ನಾಗಿವೆ. ರೋಗಿಗಳ ಚಿತ್ರಗಳಿಗೆ ರೇಡಿಯೋಪೀಡಿಯಾ. ಆಸ್ಟ್ರೇಲಿಯದ ನ್ಯೂರೋರೇಡಿಯಾಲಜಿಸ್ಟ್ ಫ್ರಾಂಕ್ ಗೈಲಾರ್ಡ್ 2005ರಲ್ಲಿ ಶುರು ಮಾಡಿದ್ದು. ಅಲ್ಲಿ ಒಂದೇ ರೋಗಿಯ ಡಿಫ್ಯೂಷನ್, ಎಡಿಸಿ ಎರಡನ್ನೂ ಪದರ ಪದರವಾಗಿ ಸರಿಸಿ ನೋಡಬಹುದು. ಕಾಸು ಕೊಡಬೇಕಾಗಿಲ್ಲ.

ಕೇಳುವ ರೀತಿಯನ್ನೂ ಬದಲಿಸು. ಚಿತ್ರ ಬಂದ ಕೂಡಲೇ ವೀಡಿಯೊ ನಿಲ್ಲಿಸು. ಡಿಫ್ಯೂಷನ್ ಹೇಗಿದೆ, ಎಡಿಸಿ ಹೇಗಿದೆ, ನನಗೆ ಏನನಿಸುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬರೆ. ಆಮೇಲೆ ಅವರು ಹೇಳುವುದನ್ನು ಕೇಳು. ತಪ್ಪಾದ ಕಡೆ ಕೆಂಪು ಪೆನ್ನು. ಹಾಗೆ ಬರೆದ ನಾಲ್ಕು ನೋಟ್‌ಬುಕ್ ನನ್ನ ಹತ್ತಿರ ಇವೆ. ಮೊದಲನೆಯದರ ತುಂಬಾ ಕೆಂಪೇ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗುತ್ತವೆ. ಅದಕ್ಕಾಗಿ ಸಾಧ್ಯವಾದವನ್ನು ಮೊದಲೇ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳುತ್ತಿದ್ದೆ.

ನೀನು ಟೆಕ್ನಿಷಿಯನ್ ಆಗುವವಳು, ಅದಕ್ಕೆ ಇನ್ನೊಂದು ಮಾತು. ಡಿಫ್ಯೂಷನ್ ಚಿತ್ರವನ್ನು ಬಹಳ ಬೇಗ ತೆಗೆಯುತ್ತಾರೆ, ಒಂದೆರಡು ನಿಮಿಷ. ಆ ಅವಸರಕ್ಕೆ ಒಂದು ಬೆಲೆ ಇದೆ. ಗಾಳಿ, ಮೂಳೆ ಸೇರುವ ಕಡೆ, ಅಂದರೆ ಮೂಗಿನ ಸೈನಸ್ ಮೇಲೆ, ಕಿವಿಯ ಮೂಳೆಯ ಹತ್ತಿರ, ಚಿತ್ರ ಎಳೆದಂತಾಗಿ ಬಿಳಿ ಗೆರೆ ಬರುತ್ತದೆ. ಅದು ರೋಗ ಅಲ್ಲ. ಕೀವು ತುಂಬಿದ ಬಾವು, ಕೋಶಗಳು ಒತ್ತೊತ್ತಾಗಿರುವ ಲಿಂಫೋಮಾದಂಥ ಗಡ್ಡೆ, ಇವುಗಳಲ್ಲೂ ನೀರು ಅಲೆಯಲಾರದು. ಅಲ್ಲೂ ಡಿಫ್ಯೂಷನ್ ಬಿಳಿ, ಎಡಿಸಿ ಕಪ್ಪು. ಹಾಗಾಗಿ ಬಿಳಿ-ಕಪ್ಪು ಜೋಡಿ ಕಂಡ ಮಾತ್ರಕ್ಕೆ ಸ್ಟ್ರೋಕ್ ಅಂತಲೂ ಹೇಳುವ ಹಾಗಿಲ್ಲ. ರೋಗಿಯ ಕತೆ ಕೇಳಲೇಬೇಕು.

ಪ್ರಶ್ನೆ: ಅಪ್ಪನಿಗೆ ಬೆಳಿಗ್ಗೆ ಮಾತು ತೊದಲಿತು, ಬಾಯಿ ಸೊಟ್ಟಗಾಯಿತು. ಸಿಟಿ ಸ್ಕ್ಯಾನ್ ನಾರ್ಮಲ್ ಎಂದರು. ಸಂಜೆ ಬೇರೆ ಊರಿನಲ್ಲಿ ಎಂಆರ್‌ಐ ಮಾಡಿಸಿದಾಗ "ರಿಸ್ಟ್ರಿಕ್ಟೆಡ್ ಡಿಫ್ಯೂಷನ್" ಇದೆ, ಸ್ಟ್ರೋಕ್ ಎಂದರು. ಹಾಗಾದರೆ ಸಿಟಿಯವರು ತಪ್ಪು ಮಾಡಿದರಾ? ಆ ದುಡ್ಡು ದಂಡವಾಯಿತಾ?
– ಓದುಗರು, ಕುಮಟಾ

ಉತ್ತರ: ತಪ್ಪು ಮಾಡಿಲ್ಲ, ದುಡ್ಡೂ ದಂಡವಾಗಿಲ್ಲ. ಲಕ್ವ ಎರಡು ಬಗೆ. ರಕ್ತನಾಳ ಒಡೆದು ಆಗುವುದು, ರಕ್ತನಾಳ ಕಟ್ಟಿ ಆಗುವುದು. ಒಡೆದದ್ದು ಸಿಟಿಯಲ್ಲಿ ತಕ್ಷಣ ಕಾಣುತ್ತದೆ. ಕಟ್ಟಿದ್ದು ಮೊದಲ ಕೆಲವು ಗಂಟೆ ಸಿಟಿಯಲ್ಲಿ ಕಾಣದೇ ಹೋಗಬಹುದು. ಡಿಫ್ಯೂಷನ್‌ನಲ್ಲಿ ಮಾತ್ರ ಬೇಗ ಕಾಣುತ್ತದೆ. "ರಿಸ್ಟ್ರಿಕ್ಟೆಡ್ ಡಿಫ್ಯೂಷನ್" ಅಂದರೆ ಅಲ್ಲಿ ನೀರು ಅಲೆಯಲಾಗದೆ ಸಿಕ್ಕಿಕೊಂಡಿದೆ ಎಂದು.

ಆದರೂ ಮೊದಲು ಸಿಟಿಯನ್ನೇ ಮಾಡುವುದು ಸರಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಅನ್ನು ಲಕ್ಷಣ ಶುರುವಾದ 4.5 ಗಂಟೆಯೊಳಗೆ ಕೊಡಬೇಕು. ಒಳಗೆ ರಕ್ತ ಸೋರಿದ್ದರೆ ಅದನ್ನು ಕೊಡುವ ಹಾಗೇ ಇಲ್ಲ. ಸೋರಿಲ್ಲ ಎಂದು ಸಿಟಿ ನಾಲ್ಕಾರು ನಿಮಿಷದಲ್ಲಿ ಹೇಳಿಬಿಡುತ್ತದೆ. ಹಾಗಾಗಿ "ಸಿಟಿ ನಾರ್ಮಲ್" ಅಂದರೆ "ಏನೂ ಆಗಿಲ್ಲ, ಮನೆಗೆ ಹೋಗಿ" ಅಂತ ಅಲ್ಲ. ಬಾಯಿ ಸೊಟ್ಟಗಿದ್ದು ಸಿಟಿ ನಾರ್ಮಲ್ ಇದ್ದರೆ ಅವಸರ ಇನ್ನೂ ಜಾಸ್ತಿ. ಎಂಆರ್‌ಐಗೆ ಕಾಯುತ್ತಾ ಇಂಜೆಕ್ಷನ್ನಿನ ಹೊತ್ತು ಕಳೆಯಬಾರದು.

ನೀವು ಬರೆದಿಲ್ಲ, ಆದರೂ ಕೇಳುತ್ತೇನೆ. ಬೆಳಿಗ್ಗೆ ಎದ್ದಾಗಲೇ ಹೀಗಿತ್ತೋ, ಎದ್ದು ಓಡಾಡಿದ ಮೇಲೆ ಆಯಿತೋ? ನಿದ್ದೆಯಲ್ಲಿ ಆದ ಸ್ಟ್ರೋಕಿಗೆ ಹೊತ್ತು ಗೊತ್ತಿರುವುದಿಲ್ಲ. ಅಲ್ಲಿ ಎಂಆರ್‌ಐ ಗಡಿಯಾರದ ಕೆಲಸ ಮಾಡುತ್ತದೆ. ಡಿಫ್ಯೂಷನ್‌ನಲ್ಲಿ ಕಲೆ ಇದ್ದು, ಫ್ಲೇರ್ ಎಂಬ ಇನ್ನೊಂದು ಚಿತ್ರದಲ್ಲಿ ಇನ್ನೂ ಮೂಡಿಲ್ಲ ಎಂದರೆ, ಆಗಿ 4.5 ಗಂಟೆ ದಾಟಿರಲಿಕ್ಕಿಲ್ಲ. ಅಂಥವರಿಗೂ ಇಂಜೆಕ್ಷನ್ನಿನಿಂದ ಪ್ರಯೋಜನ ಇದೆ ಎಂದು ಯುರೋಪಿನ ವೇಕ್-ಅಪ್ ಎಂಬ ಅಧ್ಯಯನ 2018ರಲ್ಲಿ ತೋರಿಸಿತು.

ನಮ್ಮ ಜಿಲ್ಲೆಯವರಿಗೆ ಈ 4.5 ಗಂಟೆ ಬಹಳ ಸಣ್ಣದು. ಕುಮಟಾದಿಂದ ಮಣಿಪಾಲಕ್ಕೋ, ಗೋವೆಗೋ, ಘಟ್ಟ ಹತ್ತಿ ಹುಬ್ಬಳ್ಳಿಗೋ ಹೋಗುವಷ್ಟರಲ್ಲಿ ಅರ್ಧ ಹೊತ್ತು ರಸ್ತೆಯಲ್ಲೇ ಹೋಗುತ್ತದೆ. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಇಲ್ಲಿನ ಜನ ವರ್ಷಗಳಿಂದ ಕೇಳುತ್ತಿರುವುದು ಸುಮ್ನೆ ಅಲ್ಲ. ನಾನೂ ಆ ಮಾತಿಗೆ ದನಿಗೂಡಿಸುತ್ತೇನೆ. ಸದ್ಯಕ್ಕೆ ಮಾಡಬಹುದಾದದ್ದು ಇಷ್ಟು: ಬಾಯಿ ಸೊಟ್ಟ, ಕೈ ಸೋತಿದೆ, ಮಾತು ತೊದಲುತ್ತಿದೆ ಎಂದರೆ ಕೂಡಲೇ 108ಕ್ಕೆ ಫೋನ್ ಮಾಡಿ. ಎಣ್ಣೆ ತಿಕ್ಕಿಸಿ ನೋಡೋಣ ಎಂದು ಸಂಜೆಯವರೆಗೆ ಕಾಯಬೇಡಿ. ಹೊರಡುವ ಮೊದಲು, ಎಲ್ಲಿ ಸಿಟಿ ಮತ್ತು ಇಂಜೆಕ್ಷನ್ ಎರಡೂ ಇವೆ ಎಂದು ಕೇಳಿಕೊಂಡು ಅಲ್ಲಿಗೇ ಹೋಗಿ.

ಪ್ರಶ್ನೆ: ನನಗೆ ಎರಡು ದಿನದಿಂದ ತಲೆಸುತ್ತು, ನಡೆದರೆ ಒಂದು ಕಡೆಗೆ ವಾಲುತ್ತದೆ. ಮೊದಲ ದಿನವೇ ಎಂಆರ್‌ಐ ಆಯಿತು. "ನೋ ರಿಸ್ಟ್ರಿಕ್ಟೆಡ್ ಡಿಫ್ಯೂಷನ್" ಎಂದು ಬರೆದಿದ್ದಾರೆ. ಡಾಕ್ಟರು ಇನ್ನೊಮ್ಮೆ ಮಾಡಿಸಿ ಅನ್ನುತ್ತಾರೆ. ಮನೆಯಲ್ಲಿ ಬೇಡ ಅನ್ನುತ್ತಾರೆ.
– ಗೃಹಿಣಿ, ಸಿದ್ದಾಪುರ ತಾಲೂಕು

ಉತ್ತರ: ಮಾಡಿಸಿಕೊಳ್ಳಿ ಅಮ್ಮಾ, ನಾಳೆಗೆ ಇಡಬೇಡಿ. ಮಿದುಳಿನ ಬುಡದಲ್ಲಿ, ಹಿಂಭಾಗದಲ್ಲಿ ಆಗುವ ಸಣ್ಣ ಸ್ಟ್ರೋಕ್ ಮೊದಲ ಒಂದೆರಡು ದಿನ ಡಿಫ್ಯೂಷನ್ ಚಿತ್ರಕ್ಕೂ ಸಿಗದೇ ಹೋಗುವುದುಂಟು. ನಡೆದರೆ ವಾಲುತ್ತದೆ ಎಂದು ಬರೆದಿದ್ದೀರಲ್ಲ, ನಿಮ್ಮ ಡಾಕ್ಟರು ಅದನ್ನೇ ನೋಡಿ ಹೇಳಿದ್ದಾರೆ. ಕಿವಿಯಿಂದ ಬಂದ ತಲೆಸುತ್ತೂ ಆಗಿರಬಹುದು, ಆದರೆ ಅದನ್ನು ಪರೀಕ್ಷೆ ಮಾಡಿಯೇ ಹೇಳಬೇಕು. ಈ ಉತ್ತರವನ್ನು ನಿಮಗೆ ಪತ್ರದಲ್ಲಿ ಮೊದಲೇ ಕಳಿಸಿದ್ದೇನೆ, ಪತ್ರಿಕೆ ಬರುವವರೆಗೆ ಕಾಯುವ ವಿಷಯ ಇದಲ್ಲ.

ಪ್ರಶ್ನೆ: ಡಿಫ್ಯೂಷನ್ ಎಂಆರ್‌ಐಗೆ ಇಂಜೆಕ್ಷನ್ ಬೇಕಾ? ವಿಕಿರಣ ಇದೆಯಾ? ಹಳೆಯ ಫಿಲ್ಮುಗಳನ್ನು ಎಷ್ಟು ವರ್ಷ ಇಡಬೇಕು? ನಮ್ಮ ಮನೆಯಲ್ಲಿ ಮಳೆಗಾಲಕ್ಕೆ ಎಲ್ಲ ಅಂಟಿಕೊಂಡು ಹಾಳಾಗುತ್ತದೆ.
– ನಿವೃತ್ತ ಶಿಕ್ಷಕರು, ಹೊನ್ನಾವರ

ಉತ್ತರ: ಡಿಫ್ಯೂಷನ್‌ಗೆ ಇಂಜೆಕ್ಷನ್ ಬೇಕಿಲ್ಲ ಸರ್, ನಮ್ಮ ಮೈಯ ನೀರೇ ಸಾಕು. ಎಕ್ಸ್-ರೇಯ ವಿಕಿರಣವೂ ಇಲ್ಲ. ಸದ್ದು ಜೋರು, ಡಿಫ್ಯೂಷನ್ ತೆಗೆಯುವಾಗ ಮಲಗಿದ ಮೇಜೂ ನಡುಗುತ್ತದೆ, ಹೆದರಬೇಡಿ. ಪೇಸ್‌ಮೇಕರ್ ಇದ್ದರೆ, ಮೈಯೊಳಗೆ ಕ್ಲಿಪ್ಪು, ಲೋಹದ ಚೂರು ಇದ್ದರೆ ಒಳಗೆ ಹೋಗುವ ಮೊದಲೇ ಹೇಳಿ.

ಫಿಲ್ಮಿಗಿಂತ ಸಿ.ಡಿ. ಅಥವಾ ಪೆನ್‌ಡ್ರೈವ್ ಕೇಳಿ ತೆಗೆದುಕೊಳ್ಳಿ. ಫಿಲ್ಮಿನಲ್ಲಿ ಕೆಲವೊಮ್ಮೆ ಡಿಫ್ಯೂಷನ್ ಮಾತ್ರ ಹಾಕಿ ಎಡಿಸಿ ಬಿಟ್ಟಿರುತ್ತಾರೆ. ಸಿ.ಡಿ.ಯಲ್ಲಿ ಸಾಮಾನ್ಯವಾಗಿ ಎಲ್ಲ ಇರುತ್ತದೆ. ಮತ್ತೊಮ್ಮೆ ಸ್ಕ್ಯಾನ್ ಆದಾಗ ಹಳೆಯದರ ಪಕ್ಕ ಇಟ್ಟು ನೋಡಿದರೆ, ಯಾವುದು ಹಳೆಯ ಕಲೆ, ಯಾವುದು ಹೊಸದು ಎಂದು ಡಾಕ್ಟರಿಗೆ ಬೇಗ ಗೊತ್ತಾಗುತ್ತದೆ. ವರ್ಷ ಎಷ್ಟಾದರೂ ಎಸೆಯಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಹೊಗೆ ಮತ್ತು ಥಂಡಿ ತಾಗದ ಬೀರುವಿನಲ್ಲಿ ಇಡಿ. ಅಣ್ಣನ ಎರಡೂ ಸಿ.ಡಿ. ನನ್ನ ಹತ್ತಿರ ಹಾಗೇ ಇವೆ. ಲಕೋಟೆಯ ಮೇಲೆ ಸ್ಕ್ಯಾನಿನ ತಾರೀಖಿನ ಜೊತೆ ಇನ್ನೊಂದನ್ನೂ ಬರೆದಿದ್ದೇನೆ, ನೀವೂ ಬರೆಯಿರಿ: ಕೈ ಸೋತದ್ದು ಎಷ್ಟು ಗಂಟೆಗೆ ಎಂದು.